ವ್ಯವಹಾರ ಪತ್ರಗಳು: ವಿದ್ಯುತ್ ವಾಹನದ ಕ್ರಯಪತ್ರವನ್ನು ತುಂಬುವ ಕ್ರಮ

ವಿಭಾಗ: ಕನ್ನಡ, ಪ್ರೌಢಶಾಲಾ ಹಂತ
ಪಾಠದ ಸ್ವರೂಪ: ವ್ಯಾವಹಾರಿಕ ಬರವಣಿಗೆ
ಅವಧಿ: ನಾಲ್ಕು ಪಿರಿಯಡುಗಳು

ಪೀಠಿಕೆ

ಕಾಸರಗೋಡು ಪ್ರದೇಶದ ಹಳೆಯ ಕನ್ನಡ ಮನೆಗಳಲ್ಲಿ ಕಾಗದಪತ್ರಗಳ ಪೆಟ್ಟಿಗೆಯೊಂದು ಇರುವುದು ಸಾಮಾನ್ಯ. ಗೇಣಿಚೀಟು, ಅಡವುಪತ್ರ, ಪಾಲುಪಟ್ಟಿ, ಕ್ರಯಪತ್ರ ಮೊದಲಾದವು ಅದರಲ್ಲಿ ದೊರೆಯುತ್ತವೆ. 1956ರ ನವೆಂಬರ್ 1ರಂದು ಕೇರಳ ರಾಜ್ಯವು ರೂಪುಗೊಳ್ಳುವವರೆಗೆ ಈ ಪ್ರದೇಶವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದರಿಂದ ಇಂತಹ ಪತ್ರಗಳನ್ನು ಕನ್ನಡದಲ್ಲಿ ಬರೆಯುವ ರೂಢಿ ಇಲ್ಲಿ ಬೇರೂರಿತ್ತು. "ಬರೆದುಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ" ಎಂದು ತೊಡಗಿ ಸಾಕ್ಷಿಗಳ ರುಜುವಿನೊಂದಿಗೆ ಮುಗಿಯುವ ಆ ಬರವಣಿಗೆಯಲ್ಲಿ ಯಾರು, ಯಾರಿಗೆ, ಏನನ್ನು, ಎಷ್ಟಕ್ಕೆ, ಯಾವಾಗ ಎಂಬ ಐದು ಪ್ರಶ್ನೆಗಳಿಗೂ ಉತ್ತರ ಇರುತ್ತಿತ್ತು.

ಇಂದಿನ ವಿದ್ಯಾರ್ಥಿಗೆ ಭೂಮಿಯ ಕ್ರಯಪತ್ರವನ್ನು ಬರೆಯುವ ಸಂದರ್ಭ ಬೇಗನೆ ಒದಗುವುದಿಲ್ಲ. ಆದರೆ ಮನೆಯ ಸ್ಕೂಟರನ್ನೋ ಕಾರನ್ನೋ ಪರಿಚಿತರಿಗೆ ಮಾರುವ, ಅಥವಾ ಇನ್ನೊಬ್ಬರು ಬಳಸಿದ್ದನ್ನು ಕೊಳ್ಳುವ ವ್ಯವಹಾರ ಬಹುತೇಕ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಈಗ ಹಸಿರು ಫಲಕದ ವಿದ್ಯುತ್ ವಾಹನಗಳೂ ಈ ರೀತಿ ಕೈ ಬದಲಾಯಿಸತೊಡಗಿವೆ. ಪೆಟ್ರೋಲ್ ವಾಹನಕ್ಕೆಂದು ಮುದ್ರಿಸಿದ ಅಚ್ಚಿನ ಕಾಗದವನ್ನೇ ಇವಕ್ಕೂ ತುಂಬುವುದು, ಇಂಗ್ಲಿಷಿನಲ್ಲಿರುವ ಆ ಕಾಗದವನ್ನು ಓದದೆ ತೋರಿಸಿದಲ್ಲಿ ರುಜು ಹಾಕುವುದು ವಾಡಿಕೆಯಾಗಿದೆ. ಇದರಿಂದ ಬ್ಯಾಟರಿಯ ವಿಷಯ ಪತ್ರದಲ್ಲಿ ಬರದೆ ಹೋಗುತ್ತದೆ. ಪತ್ರಕ್ಕೆ ರುಜು ಬಿದ್ದಲ್ಲಿಗೆ ಹೊಣೆ ತೀರಿತು ಎಂಬ ತಪ್ಪು ತಿಳಿವಳಿಕೆಯೂ ಬೆಳೆಯುತ್ತದೆ. ಈ ಎರಡು ಕೊರತೆಗಳನ್ನು ನೀಗಿಸುವುದು ಪಾಠದ ಗುರಿ.

ಕಲಿಕೆಯ ಉದ್ದೇಶಗಳು

1. ಕ್ರಯಪತ್ರ ಮತ್ತು ನೋಂದಣಿ ವರ್ಗಾವಣೆ ಇವುಗಳ ವ್ಯತ್ಯಾಸವನ್ನು ವಿದ್ಯಾರ್ಥಿಯು ವಿವರಿಸುವನು.
2. ವಿದ್ಯುತ್ ವಾಹನವನ್ನೂ ಅದರ ಬ್ಯಾಟರಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಬರೆಯುವನು.
3. "ಮಾರಿದ್ದೇನೆ", "ಮಾರುತ್ತೇನೆ" ಎಂಬ ಕ್ರಿಯಾಪದಗಳು ವ್ಯವಹಾರದಲ್ಲಿ ತರುವ ಅರ್ಥಭೇದವನ್ನು ಗ್ರಹಿಸುವನು.
4. ಸರಳವಾದ, ಸಂದಿಗ್ಧತೆಯಿಲ್ಲದ ಕನ್ನಡದಲ್ಲಿ ಕ್ರಯಪತ್ರವನ್ನು ತುಂಬುವನು.

ಅಧ್ಯಾಪಕರ ತಿಳಿವಿಗೆ

ಅ) ಕ್ರಯಪತ್ರದಿಂದ ಆಗುವುದು ಮತ್ತು ಆಗದಿರುವುದು

ವಾಹನವು ಚರಸ್ವತ್ತು. ಅದರ ಮಾರಾಟಕ್ಕೆ 1930ರ ಸರಕುಗಳ ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಕ್ರಯಪತ್ರವು ಮಾರುವವರ ಮತ್ತು ಕೊಳ್ಳುವವರ ನಡುವೆ ಆದ ಒಪ್ಪಂದದ ಪುರಾವೆ. ಹಣ ಸಂದದ್ದು, ವಾಹನವು ಇಂಥ ಹೊತ್ತಿಗೆ ಇಂಥವರ ಕೈ ಸೇರಿದ್ದು, ಅದರೊಂದಿಗೆ ಏನೇನು ಹೋಯಿತೆಂಬುದು ಇದರಿಂದ ಸಿದ್ಧವಾಗುತ್ತದೆ.

ಆದರೆ ರಸ್ತೆಯ ಮೇಲಿನ ಹೊಣೆಯನ್ನು ನಿರ್ಧರಿಸುವಾಗ ನ್ಯಾಯಾಲಯವು ಮೊದಲು ನೋಡುವುದು ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 30ನೇ ಉಪಕಲಮು, ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರನ್ನೇ ಮಾಲಕರೆಂದು ಹೇಳುತ್ತದೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನು ಸ್ಪಷ್ಟಪಡಿಸಿತು. ಅಲ್ಲಿ ವಾಹನವು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹಲವು ಕೈಗಳನ್ನು ದಾಟಿತ್ತು. ನೋಂದಣಿ ಮಾತ್ರ ಮೊದಲ ಮಾಲಕರ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆಯು ನೋಂದಾಯಿತ ಮಾಲಕರ ಮೇಲೆಯೇ ಬರುತ್ತದೆ ಎಂದು ತೀರ್ಪಾಯಿತು. ಗಾಯಗೊಂಡವರು ಕಾಣದ ಕೈಗಳನ್ನು ಹುಡುಕುತ್ತ ಅಲೆಯಬಾರದು ಎಂಬುದು ಈ ನಿಲುವಿನ ಹಿಂದಿನ ನ್ಯಾಯ.

"ಇನ್ನು ಮುಂದೆ ಏನಾದರೂ ಕೊಂಡವರದೇ ಜವಾಬ್ದಾರಿ" ಎಂಬ ವಾಕ್ಯದ ಬೆಲೆಯನ್ನು ವಿದ್ಯಾರ್ಥಿಗಳು ಇಲ್ಲಿ ಅರಿಯಬೇಕು. ಈ ವಾಕ್ಯ ಬಂಧಿಸುವುದು ರುಜು ಹಾಕಿದ ಇಬ್ಬರನ್ನು ಮಾತ್ರ. ಅಪಘಾತದಲ್ಲಿ ನೊಂದ ಮೂರನೆಯವರು ಈ ಪತ್ರಕ್ಕೆ ರುಜು ಹಾಕಿದವರಲ್ಲ. ಮಾರಿದವರು ತಾವು ತೆತ್ತದ್ದನ್ನು ಆಮೇಲೆ ಕೊಂಡವರಿಂದ ಕೇಳಲು ಆ ವಾಕ್ಯವು ಆಧಾರವಾದೀತು, ಆದರೆ ತೆರುವ ಹೊಣೆಯಿಂದ ಅವರನ್ನು ಅದು ಬಿಡಿಸದು.

ಸಣ್ಣ ದಂಡಗಳಿಗೂ ಇದೇ ಮಾತು ಸಲ್ಲುತ್ತದೆ. ಕೇರಳದಲ್ಲಿ 2023ರ ಜೂನ್ 5ರಿಂದ ರಸ್ತೆ ಬದಿಯ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳ ಆಧಾರದಲ್ಲಿ ದಂಡ ವಿಧಿಸಲಾಗುತ್ತಿದೆ. ನೋಟೀಸು ಬರುವುದು ನೋಂದಾಯಿತ ಮಾಲಕರ ವಿಳಾಸಕ್ಕೆ. ಸ್ಕೂಟರನ್ನು ಯಾವ ದಿನ, ಎಷ್ಟು ಗಂಟೆಗೆ ಒಪ್ಪಿಸಲಾಯಿತೆಂಬುದು ಕ್ರಯಪತ್ರದಲ್ಲಿದ್ದರೆ ಮಾರಿದವರಿಗೆ ಉತ್ತರಿಸಲು ಒಂದು ಆಧಾರ ಇರುತ್ತದೆ.

ಆ) ಕ್ರಿಯಾಪದದ ಕಾಲ

ಸರಕುಗಳ ಮಾರಾಟ ಕಾಯ್ದೆಯ 4ನೇ ಕಲಮು ಮಾರಾಟವನ್ನೂ ಮಾರಾಟದ ಕರಾರನ್ನೂ ಬೇರೆಯಾಗಿ ನೋಡುತ್ತದೆ. ಸ್ವಾಮ್ಯವು ಈಗಲೇ ವರ್ಗವಾದರೆ ಅದು ಮಾರಾಟ. ಮುಂದೊಂದು ದಿನ ಅಥವಾ ಒಂದು ಷರತ್ತು ಪೂರೈಸಿದ ಮೇಲೆ ವರ್ಗವಾಗುವುದಾದರೆ ಅದು ಕರಾರು. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಕ್ರಿಯಾಪದವೇ ತೋರಿಸುತ್ತದೆ. "ಮಾರಿದ್ದೇನೆ" ಎಂಬುದು ಮುಗಿದ ಕ್ರಿಯೆ. "ಮಾರುತ್ತೇನೆ", "ಮಾರಲು ಒಪ್ಪಿದ್ದೇನೆ" ಎಂಬವು ಮುಂದಿನದರ ಮಾತು.

ಅರ್ಧ ಹಣ ಮಾತ್ರ ಸಂದಿರುವಾಗ "ಪೂರ್ತಿ ಹಣ ಪಡೆದು ಮಾರಿದ್ದೇನೆ" ಎಂದು ಬರೆದರೆ, ಉಳಿದರ್ಧವನ್ನು ಕೇಳುವ ಹಕ್ಕಿಗೆ ಮಾರಿದವರ ರುಜುವೇ ಎದುರುನಿಲ್ಲುತ್ತದೆ. ಅಂತಹ ಸಂದರ್ಭದಲ್ಲಿ ಮೊದಲು ಮುಂಗಡದ ಕರಾರನ್ನು ಬರೆದು, ಬಾಕಿ ಮೊತ್ತ ಮತ್ತು ಗಡುವನ್ನು ನಮೂದಿಸಬೇಕು. ಹಣ ಪೂರ್ತಿ ಸಂದ ದಿನ ಕ್ರಯಪತ್ರ ಬರೆಯಬೇಕು.

ಇ) ವಾಹನದ ಚೆಕ್ಕುಬಂದಿ

ಭೂಮಿಯ ಕ್ರಯಪತ್ರದಲ್ಲಿ ಸರ್ವೆ ನಂಬ್ರವೂ ನಾಲ್ಕು ದಿಕ್ಕಿನ ಎಲ್ಲೆಯ ವಿವರವೂ ಇರುತ್ತವೆ. "ತೋಟದ ಬಳಿಯ ಗದ್ದೆ" ಎಂದಷ್ಟೇ ಬರೆದರೆ ಯಾವ ಗದ್ದೆಯೆಂದು ತಿಳಿಯದು. ವಾಹನಕ್ಕೂ ಹಾಗೆಯೇ ಎಲ್ಲೆ ಕಟ್ಟಬೇಕು. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಮೋಟಾರು ಸಂಖ್ಯೆ, ಬ್ಯಾಟರಿ ಸಂಖ್ಯೆ ಇವು ವಿದ್ಯುತ್ ವಾಹನದ ನಾಲ್ಕು ಎಲ್ಲೆಗಳು.

ಅಚ್ಚಿನ ಕಾಗದದಲ್ಲಿ "ಎಂಜಿನ್ ಸಂಖ್ಯೆ" ಎಂದಿರುವ ಜಾಗವನ್ನು ಕೆಲವರು ಖಾಲಿ ಬಿಡುತ್ತಾರೆ. ವಿದ್ಯುತ್ ವಾಹನದಲ್ಲಿ ಎಂಜಿನ್ ಇಲ್ಲದಿದ್ದರೂ ಅದರ ಸ್ಥಾನದಲ್ಲಿ ಮೋಟಾರು ಇರುತ್ತದೆ. ನೋಂದಣಿ ಪ್ರಮಾಣಪತ್ರದಲ್ಲಿ ಅದರ ಸಂಖ್ಯೆಯೂ ಇರುತ್ತದೆ. ಚಾಸಿ ಸಂಖ್ಯೆಯಲ್ಲಿ ಅಕ್ಷರ, ಅಂಕಿಗಳು ಸೇರಿ 17 ಚಿಹ್ನೆಗಳಿರುತ್ತವೆ. ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗಬಾರದೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ನಕಲು ಮಾಡುವಾಗ "ಓ" ಎಂದು ಕಂಡದ್ದು ನಿಜವಾಗಿ ಸೊನ್ನೆಯೇ ಆಗಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಸಂಖ್ಯೆಯನ್ನು ಪ್ರಮಾಣಪತ್ರದಿಂದ ಮಾತ್ರ ನಕಲು ಮಾಡಿದರೆ ಸಾಲದು, ವಾಹನದ ಮೇಲೆ ಕೊರೆದಿರುವುದರೊಂದಿಗೂ ಅದನ್ನು ತಾಳೆ ನೋಡಬೇಕು.

ಈ) ಬ್ಯಾಟರಿ ಯಾರದು?

ವಿದ್ಯುತ್ ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಪೆಟ್ರೋಲ್ ಟಾಂಕಿ ಖಾಲಿಯಾದರೆ ಮತ್ತೆ ತುಂಬಬಹುದು. ಲಿಥಿಯಂ ಅಯಾನ್ ಬ್ಯಾಟರಿಯಾದರೋ ಬಳಸಿದಂತೆ, ವರ್ಷ ಕಳೆದಂತೆ, ಪೂರ್ತಿ ಚಾರ್ಜು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ತುಸು ತುಸುವೇ ಕಳೆದುಕೊಳ್ಳುತ್ತದೆ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಸ್ಕೂಟರುಗಳ ಬೆಲೆ ಬ್ಯಾಟರಿಯ ಸ್ಥಿತಿಯಿಂದಾಗಿ ಬಹಳ ಬೇರೆಯಾಗಬಹುದು.

ಬ್ಯಾಟರಿಯು ಮಾರುವವರದೇ ಆಗಿರಬೇಕೆಂದೂ ಇಲ್ಲ. 2020ರ ಆಗಸ್ಟಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಬ್ಯಾಟರಿ ಅಳವಡಿಸದ ವಿದ್ಯುತ್ ವಾಹನಗಳನ್ನೂ ಮಾರಬಹುದು, ನೋಂದಾಯಿಸಬಹುದು ಎಂದು ರಾಜ್ಯಗಳಿಗೆ ತಿಳಿಸಿತು. ಹೀಗೆ ವಾಹನವು ಒಬ್ಬರದಾಗಿದ್ದು, ಬ್ಯಾಟರಿಯು ಬಾಡಿಗೆಯದೋ ಬದಲಾವಣೆಯ ಕೇಂದ್ರಕ್ಕೆ ಸೇರಿದ್ದೋ ಆಗಿರಲು ಸಾಧ್ಯ. ಬಾಡಿಗೆಯ ಬ್ಯಾಟರಿಯನ್ನು ಸ್ವಂತದ್ದೆಂದು ಮಾರಿದರೆ, ತನ್ನದಲ್ಲದ್ದನ್ನು ಮಾರಿದಂತಾಗುತ್ತದೆ. ಆದುದರಿಂದ "ಬ್ಯಾಟರಿ ಸಹಿತ" ಎಂಬ ಎರಡು ಪದಗಳಿಗೆ ತೃಪ್ತರಾಗದೆ ಕೆಳಗಿನವುಗಳನ್ನು ಬರೆಸಬೇಕು:

• ಬ್ಯಾಟರಿಯ ಮೇಲಿನ ಸಂಖ್ಯೆ, ಕಿಲೋವ್ಯಾಟ್-ಗಂಟೆಯಲ್ಲಿ ಅದರ ಸಾಮರ್ಥ್ಯ
• ಅದು ಸ್ವಂತದ್ದೇ, ಬಾಡಿಗೆಯದೇ ಎಂಬ ಹೇಳಿಕೆ
• ವಾಹನದೊಂದಿಗೆ ಬಂದ ಮೂಲ ಬ್ಯಾಟರಿಯೇ, ನಡುವೆ ಬದಲಿಸಿದ್ದೇ; ಬದಲಿಸಿದ್ದಾದರೆ ಯಾವಾಗ
• ತಯಾರಕರ ಖಾತರಿಯ ಅವಧಿ ಯಾವ ದಿನಾಂಕದವರೆಗೆ ಅಥವಾ ಎಷ್ಟು ಕಿಲೋಮೀಟರುಗಳವರೆಗೆ ಇದೆ; ಅದು ಹೊಸ ಮಾಲಕರಿಗೂ ಸಲ್ಲುವುದೇ
• ಚಾರ್ಜರಿನ ಸಂಖ್ಯೆ

ಕೊನೆಗೆ ಹಾಳಾದ ಬ್ಯಾಟರಿಯನ್ನು ಏನು ಮಾಡಬೇಕೆಂಬುದನ್ನೂ ಇಲ್ಲಿ ಸೂಚಿಸಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದೊಂದಿಗೆ ಬೆರೆಸಬಾರದು, ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವ ಅಧಿಕೃತರಿಗೆ ಒಪ್ಪಿಸಬೇಕು. ಬ್ಯಾಟರಿಯ ಮಾಲಕರಾದವರಿಗೆ ಈ ಹೊಣೆಯೂ ಬರುತ್ತದೆ.

ಉ) ಸ್ಥಿತಿಯನ್ನು ಹೇಳುವ ಮಾತು

"ಬ್ಯಾಟರಿ ಚೆನ್ನಾಗಿದೆ" ಎಂಬುದು ಅಭಿಪ್ರಾಯ. "ದೂರಮಾಪಕದಲ್ಲಿ 18,400 ಕಿ.ಮೀ. ತೋರಿಸುತ್ತಿದೆ, ಪೂರ್ತಿ ಚಾರ್ಜಿನಲ್ಲಿ ಪರದೆಯ ಮೇಲೆ 72 ಕಿ.ಮೀ. ಕಾಣುತ್ತಿದೆ" ಎಂಬುದು ಇಬ್ಬರೂ ಒಟ್ಟಿಗೆ ನೋಡಿ ಬರೆಯಬಹುದಾದ ಸಂಗತಿ. ಕ್ರಯಪತ್ರದಲ್ಲಿ ಎರಡನೆಯ ರೀತಿಯ ವಾಕ್ಯಗಳೇ ಇರಬೇಕು.

ಮಳೆಗಾಲದ ಹೊಳೆ, ತೋಡುಗಳ ನೀರು ಅಂಗಳದವರೆಗೆ ಬರುವ ಊರುಗಳು ಈ ಜಿಲ್ಲೆಯಲ್ಲಿವೆ. ವಾಹನವು ನೆರೆನೀರಿನಲ್ಲಿ ಮುಳುಗಿತ್ತೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಬರೆಸುವುದು ಇಲ್ಲಿ ಅಗತ್ಯ. ಅಪಘಾತ, ದುರಸ್ತಿ, ಮಾರ್ಪಾಡುಗಳ ವಿಷಯವನ್ನೂ ಹಾಗೆಯೇ ಬರೆಸಬೇಕು. ಮಾರುವವರು ತಿಳಿದದ್ದನ್ನು ಮರೆಮಾಚಬಾರದು, ತಿಳಿಯದ್ದಕ್ಕೆ ಮಾತು ಕೊಡಲೂಬಾರದು.

ಊ) ಹೆಸರು, ವಿಳಾಸ, ಕಾಗುಣಿತ

ಕನ್ನಡದ ಒಂದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಹಲವು ರೂಪಗಳನ್ನು ತಾಳುತ್ತದೆ. ಭಟ್, ಶೆಟ್ಟಿ, ನಾಯ್ಕ ಮೊದಲಾದ ಹೆಸರುಗಳಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗುವುದು ಎಲ್ಲರ ಅನುಭವ. ಊರಿನ ಹೆಸರುಗಳಲ್ಲೂ ಮಂಜೇಶ್ವರ–ಮಂಜೇಶ್ವರಂ, ಹೊಸದುರ್ಗ–ಕಾಞಂಗಾಡು ಎಂಬಂತೆ ಎರಡು ರೂಪಗಳು ಬಳಕೆಯಲ್ಲಿವೆ. ನೋಂದಣಿ ಪ್ರಮಾಣಪತ್ರದಲ್ಲಿ ಇರುವ ರೂಪ, ಆಧಾರ್ ಚೀಟಿಯಲ್ಲಿರುವ ರೂಪ, ಕ್ರಯಪತ್ರದ ರೂಪ ಮೂರೂ ಬೇರೆಯಾದರೆ ಅರ್ಜಿಯು ಮರಳಿ ಬರುವ ಸಂಭವವಿದೆ. ಕನ್ನಡದಲ್ಲಿ ಹೆಸರು ಬರೆದ ಬಳಿಕ ದಾಖಲೆಯಲ್ಲಿರುವ ಇಂಗ್ಲಿಷ್ ಕಾಗುಣಿತವನ್ನು ಪಕ್ಕದಲ್ಲಿ ಬಿಡಿ ಅಕ್ಷರಗಳಲ್ಲಿ ಬರೆಯುವುದು ಇದಕ್ಕೆ ಪರಿಹಾರ.

ವ್ಯವಹಾರಕ್ಕೆ ಇಳಿಯುವವರಿಗೆ 18 ವರ್ಷ ತುಂಬಿರಬೇಕು. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ.

ಋ) ಹಣ ಮತ್ತು ಸಾಲ

ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಬ್ಯಾಂಕಿನ ಮೂಲಕ ಸಂದಿದ್ದರೆ ವ್ಯವಹಾರದ ಸಂಖ್ಯೆ, ದಿನಾಂಕ ಇರಬೇಕು. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆಯ ಕಾನೂನಿನಲ್ಲಿ ನಿಷೇಧವಿದೆ.

ಸಾಲ ಮಾಡಿ ಕೊಂಡ ವಾಹನವಾದರೆ ಸಾಲ ಕೊಟ್ಟ ಸಂಸ್ಥೆಯ ಹೆಸರು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುತ್ತದೆ. ಆ ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು ಬದಲಾಗದು. ಸಾಲ ತೀರಿದ್ದರೆ ಫಾರಂ 35ರ ಮೂಲಕ ಆ ನಮೂದನ್ನು ತೆಗೆಸಬೇಕು. ಕೊಳ್ಳುವವರು ಹಣ ಕೊಡುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಎ) ಪತ್ರ ಬರೆದ ಬಳಿಕದ ದಿನಗಳು

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ವಾಹನವು ಅದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವರು 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಸಲ್ಲಿಸಬೇಕು. ಇದು ಫಾರಂ 29. ಕೊಂಡವರು 30 ದಿನಗಳೊಳಗೆ ತಮ್ಮ ವಾಸಸ್ಥಳದ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಇದು ಫಾರಂ 30. ಜಿಲ್ಲೆಯಲ್ಲಿ ಕೆ.ಎಲ್. 14 ಕಾಸರಗೋಡು ಕಚೇರಿಯ ಗುರುತು, ಕೆ.ಎಲ್. 60 ಕಾಞಂಗಾಡಿನದು, ಕೆ.ಎಲ್. 79 ವೆಳ್ಳರಿಕುಂಡಿನದು. ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು. ಅಕ್ಷಯ ಕೇಂದ್ರಗಳಲ್ಲಿ ಇದಕ್ಕೆ ನೆರವು ಪಡೆಯಬಹುದು.

ತಲಪಾಡಿಯ ಗಡಿ ದಾಟಿ ಮಂಗಳೂರಿನವರಿಗೆ ಮಾರುವುದು, ಅಲ್ಲಿಂದ ಕೊಂಡು ತರುವುದು ಇಲ್ಲಿ ವಿಶೇಷವೇನಲ್ಲ. ನೆಂಟಸ್ತಿಕೆ, ಉದ್ಯೋಗ, ವ್ಯಾಪಾರ ಎಲ್ಲವೂ ಎರಡು ಕಡೆಗೂ ಹರಡಿವೆ. ಆದರೆ ಕೆ.ಎಲ್. 14ರ ವಾಹನವು ಕೆ.ಎ. 19ರ ಕಚೇರಿಗೆ ವರ್ಗವಾಗಬೇಕಾದರೆ ಮೊದಲು ಕಾಸರಗೋಡಿನ ಕಚೇರಿಯಿಂದ ಫಾರಂ 28ರ ಮೂಲಕ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನದ ವಿಷಯದಲ್ಲಿ ಮಾರಿದವರು ಆ ಪತ್ರವನ್ನು ಹೊಸ ಕಚೇರಿಗೆ ಒದಗಿಸಲು ಇರುವ ಅವಧಿ 45 ದಿನಗಳು. ತೆರಿಗೆಯು ಕೊಂಡವರ ರಾಜ್ಯದ ನಿಯಮದಂತೆ. ನಿರಾಕ್ಷೇಪಣಾ ಪತ್ರ ಪಡೆಯುವವರು ಯಾರು, ತೆರಿಗೆ ಕಟ್ಟುವವರು ಯಾರು ಎಂಬುದನ್ನು ಕ್ರಯಪತ್ರದಲ್ಲೇ ಬರೆದಿಟ್ಟರೆ ಮುಂದೆ ಮಾತಿಗೆ ಮಾತು ಬೆಳೆಯುವುದಿಲ್ಲ.

ವಿಮೆಯಲ್ಲಿ ಮೂರನೆಯವರಿಗೆ ಸಂಬಂಧಿಸಿದ ರಕ್ಷಣೆಯು ಮಾರಾಟದೊಂದಿಗೆ ಕೊಂಡವರಿಗೆ ವರ್ಗವಾದಂತೆ ಎಂದು ಕಾಯ್ದೆಯ 157ನೇ ಕಲಮು ಭಾವಿಸುತ್ತದೆ. ಆದರೂ ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಟ್ಟು ಹೆಸರನ್ನು ಬದಲಿಸಿಕೊಳ್ಳಬೇಕು. ವಾಹನಕ್ಕೇ ಆಗುವ ಹಾನಿಯ ರಕ್ಷಣೆ ಹೆಸರು ಬದಲಿಸದೆ ಕೊಂಡವರಿಗೆ ಸಿಗದು.

ಏ) ನೋಂದಣಿಯೇ ಇಲ್ಲದ ವಾಹನ

ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿದ್ದು, ನಿಯಮಗಳ ಇತರ ಷರತ್ತುಗಳಿಗೂ ಒಳಪಟ್ಟು ಪ್ರಮಾಣಿತವಾದ ಸಣ್ಣ ವಿದ್ಯುತ್ ದ್ವಿಚಕ್ರ ವಾಹನಗಳಿಗೆ ನೋಂದಣಿ ಬೇಕಿಲ್ಲ. ಅವುಗಳಿಗೆ ನೋಂದಣಿ ಪ್ರಮಾಣಪತ್ರವಾಗಲಿ, ಫಾರಂ 29, 30 ಆಗಲಿ ಇಲ್ಲ. ಕದ್ದ ಮಾಲಲ್ಲವೆಂದು ತೋರಿಸಲು ಕೊಂಡವರ ಕೈಯಲ್ಲಿ ಉಳಿಯುವುದು ಕ್ರಯಪತ್ರ ಮತ್ತು ಮೂಲ ಅಂಗಡಿಯ ರಸೀದಿ ಮಾತ್ರ. ಕಾಗದವಿಲ್ಲದೆ ಮಾರಾಟವಾಗುವುದೂ ಹೆಚ್ಚಾಗಿ ಇಂಥವೇ. ಆದುದರಿಂದ ಇವುಗಳ ಕ್ರಯಪತ್ರವನ್ನು ಹೆಚ್ಚಿನ ಎಚ್ಚರದಿಂದ ಬರೆಯಬೇಕು. ವೇಗ ಹೆಚ್ಚಿಸುವ ಯಾವ ಮಾರ್ಪಾಡನ್ನೂ ಮಾಡಿಲ್ಲವೆಂಬ ಹೇಳಿಕೆಯೂ ಅದರಲ್ಲಿರಬೇಕು. ಅಂತಹ ಮಾರ್ಪಾಡಾದರೆ ಆ ವಾಹನಕ್ಕೆ ವಿನಾಯಿತಿಯೇ ಉಳಿಯದು.

ಐ) ಯಾವ ಭಾಷೆಯಲ್ಲಿ?

ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ವಾಹನದ ಕ್ರಯಪತ್ರವು ಇಂಥ ಭಾಷೆಯಲ್ಲೇ ಇರಬೇಕೆಂಬ ಕಟ್ಟಳೆಯಿಲ್ಲ. ಇಬ್ಬರಿಗೂ ಕನ್ನಡ ಗೊತ್ತಿದ್ದರೆ ಕನ್ನಡವೇ ಯೋಗ್ಯ, ಏಕೆಂದರೆ ರುಜು ಹಾಕುವವರು ಆಗ ಪ್ರತಿ ವಾಕ್ಯವನ್ನೂ ಓದಬಲ್ಲರು. ಒಬ್ಬರು ಮಲಯಾಳ ಮಾತ್ರ ಬಲ್ಲವರಾದರೆ ಎರಡು ಭಾಷೆಗಳಲ್ಲಿ ಅಕ್ಕಪಕ್ಕ ಬರೆದು, ಭೇದ ಕಂಡಾಗ ಯಾವ ಪಾಠ ಪ್ರಮಾಣವೆಂಬುದನ್ನು ಸೇರಿಸಬೇಕು. ಸಾರಿಗೆ ಕಚೇರಿಯ ಫಾರಂಗಳನ್ನು ಮಾತ್ರ ನಿಗದಿಯಾದ ರೂಪದಲ್ಲೇ ತುಂಬಬೇಕು.

ಕಚೇರಿಯೊಂದಿಗಿನ ಪತ್ರವ್ಯವಹಾರದ ವಿಷಯ ಬೇರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲಿ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ನೀಡಿದೆ. ಅರ್ಜಿ ತಡವಾದಾಗ ವಿಚಾರಿಸುವ ಪತ್ರವನ್ನು ವಿದ್ಯಾರ್ಥಿಯು ಕನ್ನಡದಲ್ಲಿ ಬರೆಯಬಲ್ಲವನಾದರೆ ಈ ಹಕ್ಕು ಬಳಕೆಯಲ್ಲಿ ಉಳಿಯುತ್ತದೆ.

ಮಾದರಿ ಪತ್ರ

(ಅಧ್ಯಾಪಕರು ಇದನ್ನು ಕರಿಹಲಗೆಯಲ್ಲಿ ಬರೆಯಬೇಕು ಅಥವಾ ಪ್ರತಿ ತೆಗೆದು ಹಂಚಬೇಕು.)

ವಿದ್ಯುತ್ ವಾಹನದ ಕ್ರಯಪತ್ರ

ಕ್ರಿ.ಶ. ........ನೇ ಇಸವಿ ........ ತಿಂಗಳ ........ನೇ ತಾರೀಕಿನಂದು, ........ ಜಿಲ್ಲೆ ........ ತಾಲೂಕು ........ ಗ್ರಾಮದ ........ ಮನೆಯಲ್ಲಿ ವಾಸವಾಗಿರುವ, ........ ಅವರ ಮಗ/ಮಗಳು/ಪತ್ನಿ, ........ ವರ್ಷ ಪ್ರಾಯದ ........ (ಮುಂದೆ "ಮಾರುವವರು" ಎಂದು ಕರೆಯಲ್ಪಡುವವರು), ........ ಜಿಲ್ಲೆ ........ ತಾಲೂಕು ........ ಗ್ರಾಮದ ........ ಮನೆಯಲ್ಲಿ ವಾಸವಾಗಿರುವ, ........ ಅವರ ಮಗ/ಮಗಳು/ಪತ್ನಿ, ........ ವರ್ಷ ಪ್ರಾಯದ ........ (ಮುಂದೆ "ಕೊಳ್ಳುವವರು" ಎಂದು ಕರೆಯಲ್ಪಡುವವರು) ಇವರಿಗೆ ಬರೆದುಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ:

1. ವಾಹನ: ತಯಾರಕರು ........ ಮಾದರಿ ........ ತಯಾರಾದ ತಿಂಗಳು, ವರ್ಷ ........ ಬಣ್ಣ ........ ನೋಂದಣಿ ಸಂಖ್ಯೆ ........ ಚಾಸಿ ಸಂಖ್ಯೆ ........ ಮೋಟಾರು ಸಂಖ್ಯೆ ........
2. ಬ್ಯಾಟರಿ: ಸಂಖ್ಯೆ ........ ಸಾಮರ್ಥ್ಯ ........ ಕಿಲೋವ್ಯಾಟ್-ಗಂಟೆ. ಇದು ಮಾರುವವರ ಸ್ವಂತದ್ದು / ಬಾಡಿಗೆಯದು. ಮೂಲದ್ದು / ........ರಂದು ಬದಲಿಸಿದ್ದು. ಖಾತರಿಯ ಅವಧಿ ........ರ ವರೆಗೆ.
3. ಜೊತೆಯಲ್ಲಿ ಒಪ್ಪಿಸಿದವು: ಚಾರ್ಜರು (ಸಂಖ್ಯೆ ........), ಕೀಲಿಕೈ ........, ನೋಂದಣಿ ಪ್ರಮಾಣಪತ್ರ, ವಿಮಾಪತ್ರ, ಮೂಲ ರಸೀದಿ, ಖಾತರಿ ಪುಸ್ತಕ.
4. ಕ್ರಯ: ರೂಪಾಯಿ ........ (ಅಕ್ಷರದಲ್ಲಿ ........). ಈ ಮೊತ್ತವನ್ನು ........ ಮೂಲಕ, ........ ದಿನಾಂಕದಂದು, ವ್ಯವಹಾರ ಸಂಖ್ಯೆ ........ ಪ್ರಕಾರ ಮಾರುವವರು ಪೂರ್ತಿಯಾಗಿ ಪಡೆದಿದ್ದಾರೆ.
5. ಋಣಭಾರ: ವಾಹನದ ಮೇಲೆ ಯಾವುದೇ ಸಾಲವಾಗಲಿ, ಬಾಕಿ ದಂಡವಾಗಲಿ, ಮೊಕದ್ದಮೆಯಾಗಲಿ ಇಲ್ಲ / ಇರುವುದು: ........
6. ಸ್ಥಿತಿ: ದೂರಮಾಪಕದಲ್ಲಿ ........ ಕಿ.ಮೀ.; ಪೂರ್ತಿ ಚಾರ್ಜಿನಲ್ಲಿ ಪರದೆಯ ಮೇಲೆ ........ ಕಿ.ಮೀ. ಮಾರುವವರು ತಿಳಿದಂತೆ ವಾಹನವು ನೆರೆನೀರಿನಲ್ಲಿ ಮುಳುಗಿದ್ದು ಇದೆ / ಇಲ್ಲ. ಅಪಘಾತಕ್ಕೆ ಈಡಾದದ್ದು ಇದೆ / ಇಲ್ಲ. ಮಾರ್ಪಾಡು ಇದೆ / ಇಲ್ಲ.
7. ಹಸ್ತಾಂತರ: ಇದೇ ದಿನ ........ ಗಂಟೆ ........ ನಿಮಿಷಕ್ಕೆ ........ ಸ್ಥಳದಲ್ಲಿ ವಾಹನವನ್ನು ಕೊಳ್ಳುವವರ ಸ್ವಾಧೀನಕ್ಕೆ ಒಪ್ಪಿಸಲಾಗಿದೆ. ಈ ಹೊತ್ತಿನವರೆಗಿನ ದಂಡ, ಹೊಣೆಗಳು ಮಾರುವವರವು, ಅನಂತರದವು ಕೊಳ್ಳುವವರವು. ಕೊಳ್ಳುವವರ ಕಾರಣದಿಂದ ಮಾರುವವರು ಏನನ್ನಾದರೂ ತೆರಬೇಕಾಗಿ ಬಂದರೆ ಕೊಳ್ಳುವವರು ಅದನ್ನು ಭರಿಸಿಕೊಡಬೇಕು.
8. ವರ್ಗಾವಣೆ: ಮಾರುವವರು ........ ದಿನಾಂಕದೊಳಗೆ ಫಾರಂ 29ನ್ನು, ಕೊಳ್ಳುವವರು ........ ದಿನಾಂಕದೊಳಗೆ ಫಾರಂ 30ನ್ನು ಸಲ್ಲಿಸಬೇಕು. ನಿರಾಕ್ಷೇಪಣಾ ಪತ್ರ ಬೇಕಾದಲ್ಲಿ ಅದನ್ನು ಪಡೆಯುವವರು ........; ಶುಲ್ಕ, ತೆರಿಗೆ ಕಟ್ಟುವವರು ........
9. ಖಾತೆ: ಮೊಬೈಲಿನಲ್ಲಿ ವಾಹನಕ್ಕೆ ಜೋಡಿಸಿರುವ ಖಾತೆಯನ್ನು ಮಾರುವವರು ಬಿಡಿಸಿಕೊಟ್ಟಿದ್ದಾರೆ.

ಈ ಮೇಲಿನದನ್ನು ಓದಿ, ತಿಳಿದು, ಸ್ವಖುಷಿಯಿಂದ ಎರಡು ಪ್ರತಿಗಳಿಗೆ ರುಜು ಹಾಕಿದ್ದೇವೆ.

ಮಾರುವವರ ರುಜು ........ ಕೊಳ್ಳುವವರ ರುಜು ........
ಸಾಕ್ಷಿಗಳು: 1. ........ 2. ........
ಬರೆದವರು: ........

ಮಾದರಿಯ ಕುರಿತು ಎರಡು ಸೂಚನೆಗಳು

9ನೇ ಅಂಶವು ಹಳೆಯ ಕ್ರಯಪತ್ರಗಳಲ್ಲಿ ಇಲ್ಲದ್ದು. ಹಲವು ವಿದ್ಯುತ್ ವಾಹನಗಳು ಮೊಬೈಲಿನೊಂದಿಗೆ ಜೋಡಣೆಯಾಗಿರುತ್ತವೆ. ಹಳೆಯ ಮಾಲಕರ ಖಾತೆ ಹಾಗೆಯೇ ಉಳಿದರೆ ವಾಹನ ಎಲ್ಲಿದೆಯೆಂಬುದು ಅವರಿಗೆ ಕಾಣುತ್ತಲೇ ಇರಬಹುದು. ಕೊಂಡವರ ಮನೆಯ ಹೆಣ್ಣುಮಕ್ಕಳು, ಮಕ್ಕಳು ಹೋಗಿಬರುವ ದಾರಿ ಅಪರಿಚಿತರ ಕೈಯಲ್ಲಿರಬಾರದು.

ಖಾಲಿ ಬಿಟ್ಟ ಜಾಗವೂ ಅಪಾಯವೇ. ಅನ್ವಯಿಸದ ಕಡೆ ಅಡ್ಡಗೆರೆ ಎಳೆಯಬೇಕು. ತಿದ್ದಿದ ಕಡೆ ಇಬ್ಬರೂ ಕಿರುರುಜು ಹಾಕಬೇಕು. ದಿನಾಂಕವಿಲ್ಲದ, ಹೆಸರು ತುಂಬದ ಫಾರಂ 29ಕ್ಕೆ ರುಜು ಹಾಕಿ ಕೊಡುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದು. ಅಂತಹ ಕಾಗದದೊಂದಿಗೆ ವಾಹನವು ಎಷ್ಟು ಕೈಗಳನ್ನು ದಾಟಿದರೂ ನೋಂದಣಿಯು ಮೊದಲಿನವರ ಹೆಸರಿನಲ್ಲೇ ಉಳಿಯಬಹುದು.

ಪದಪರಿಚಯ

ಕ್ರಯ: ಬೆಲೆ, ಬೆಲೆ ಕೊಟ್ಟು ಕೊಳ್ಳುವುದು
ಸ್ವಾಮ್ಯ: ಒಡೆತನದ ಹಕ್ಕು
ಸ್ವಾಧೀನ: ವಸ್ತು ಕೈವಶದಲ್ಲಿರುವುದು (ಸ್ವಾಧೀನವಿದ್ದ ಮಾತ್ರಕ್ಕೆ ಸ್ವಾಮ್ಯವಿರಬೇಕೆಂದಿಲ್ಲ)
ಹಸ್ತಾಂತರ: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವುದು
ಋಣಭಾರ: ಸ್ವತ್ತಿನ ಮೇಲಿರುವ ಸಾಲದ ಹೊರೆ
ರುಜು: ಸಹಿ
ನಿರಾಕ್ಷೇಪಣಾ ಪತ್ರ: ಆಕ್ಷೇಪವಿಲ್ಲವೆಂದು ಕಚೇರಿ ಕೊಡುವ ಪತ್ರ

ತರಗತಿಯ ಚಟುವಟಿಕೆಗಳು

ಚಟುವಟಿಕೆ 1: ಹಳೆಯ ಪತ್ರದ ಓದು. ವಿದ್ಯಾರ್ಥಿಗಳು ಮನೆಯ ಹಿರಿಯರ ಅನುಮತಿಯಿಂದ ಹಳೆಯ ಕನ್ನಡ ಕ್ರಯಪತ್ರವೊಂದನ್ನು ನೋಡಿ, ಅದರಲ್ಲಿ ಯಾರು, ಯಾರಿಗೆ, ಏನು, ಎಷ್ಟು, ಯಾವಾಗ ಎಂಬುದು ಯಾವ ಪದಗಳಲ್ಲಿದೆಯೆಂದು ಪಟ್ಟಿ ಮಾಡುವರು. ಹೆಸರು, ಸರ್ವೆ ನಂಬ್ರಗಳನ್ನು ತರಗತಿಗೆ ತರಬೇಕಾಗಿಲ್ಲ. ವಾಕ್ಯರಚನೆ ಮಾತ್ರ ಸಾಕು.

ಚಟುವಟಿಕೆ 2: ಸಂಖ್ಯೆಯ ಉಕ್ತಲೇಖನ. ಅಧ್ಯಾಪಕರು 17 ಚಿಹ್ನೆಗಳ ಕಲ್ಪಿತ ಚಾಸಿ ಸಂಖ್ಯೆಯೊಂದನ್ನು ಒಬ್ಬ ವಿದ್ಯಾರ್ಥಿಗೆ ಕೊಡುವರು. ಅವನು ಓದಿ ಹೇಳಿದ್ದನ್ನು ಜೊತೆಗಾರ ಬರೆದು, ಮೂರನೆಯವನು ತಾಳೆ ನೋಡುವನು. ತಪ್ಪು ಎಲ್ಲಿ, ಏಕೆ ನುಸುಳಿತೆಂದು ಚರ್ಚಿಸಬೇಕು.

ಚಟುವಟಿಕೆ 3: ಕೊರತೆಗಳ ಶೋಧ. ಕೆಳಗಿನ ಬರಹವನ್ನು ಗುಂಪುಗಳಿಗೆ ಕೊಡಬೇಕು:
"ನನ್ನ ಎಲೆಕ್ಟ್ರಿಕ್ ಸ್ಕೂಟರನ್ನು ಪರಿಚಯದವರಿಗೆ ಮಾರಿದ್ದೇನೆ. ಹಣ ಸ್ವಲ್ಪ ಬಂದಿದೆ. ಬ್ಯಾಟರಿ ಚೆನ್ನಾಗಿದೆ. ಇನ್ನು ಮುಂದೆ ಏನಾದರೂ ನಾನು ಜವಾಬ್ದಾರನಲ್ಲ."
ಇದರಲ್ಲಿ ದಿನಾಂಕ, ಹೆಸರು, ವಾಹನದ ಗುರುತು ಇಲ್ಲ. "ಮಾರಿದ್ದೇನೆ" ಎಂಬುದಕ್ಕೂ "ಸ್ವಲ್ಪ" ಎಂಬುದಕ್ಕೂ ಹೊಂದಿಕೆಯಿಲ್ಲ. ಬ್ಯಾಟರಿಯ ಮಾತು ಅಭಿಪ್ರಾಯ ಮಾತ್ರ. ಕೊನೆಯ ವಾಕ್ಯವು ಮೂರನೆಯವರನ್ನು ಬಂಧಿಸದು. ವಿದ್ಯಾರ್ಥಿಗಳು ಇವನ್ನು ತಾವೇ ಕಂಡುಕೊಂಡು ಬರಹವನ್ನು ತಿದ್ದಿ ಬರೆಯಬೇಕು.

ಚಟುವಟಿಕೆ 4: ಪಾತ್ರಾಭಿನಯ. ಬದಿಯಡ್ಕದ ಒಬ್ಬ ಕೃಷಿಕರು ಮಂಗಳೂರಿನ ಸೋದರಳಿಯನಿಗೆ ಸ್ಕೂಟರು ಮಾರುವ ಕಲ್ಪಿತ ಸನ್ನಿವೇಶ. "ಮಾವಾ, ನಮ್ಮೊಳಗೆ ಕಾಗದ ಯಾಕೆ?" ಎಂಬ ಪ್ರಶ್ನೆಯಿಂದ ಸಂಭಾಷಣೆ ತೊಡಗಲಿ. ಬಂಧುತ್ವಕ್ಕೆ ಕುಂದು ಬಾರದಂತೆ, ಕಾಗದದ ಅಗತ್ಯವನ್ನು ಮಾವನು ತಿಳಿಹೇಳಬೇಕು. ಬಳಿಕ ಇಬ್ಬರೂ ಮಾದರಿಯನ್ನು ತುಂಬುವರು. ಗಡಿ ದಾಟುವ ಮಾರಾಟವಾದುದರಿಂದ 8ನೇ ಅಂಶವನ್ನು ಹೇಗೆ ತುಂಬುವರೆಂದು ತರಗತಿ ಗಮನಿಸಬೇಕು.

ಮೌಲ್ಯಮಾಪನ

1. ಕ್ರಯಪತ್ರಕ್ಕೆ ರುಜು ಬಿದ್ದ ಬಳಿಕವೂ ನೋಂದಣಿ ಬದಲಾಗದಿದ್ದರೆ ಮಾರಿದವರಿಗೆ ಒದಗಬಹುದಾದ ತೊಂದರೆಗಳಾವುವು?
2. ವಿದ್ಯುತ್ ವಾಹನದ ಕ್ರಯಪತ್ರದಲ್ಲಿ ಬ್ಯಾಟರಿಯನ್ನು ಪ್ರತ್ಯೇಕವಾಗಿ ನಮೂದಿಸಬೇಕು, ಏಕೆ?
3. "ಮಾರಿದ್ದೇನೆ", "ಮಾರಲು ಒಪ್ಪಿದ್ದೇನೆ" ಇವುಗಳನ್ನು ಬಳಸಿ ಎರಡು ಸನ್ನಿವೇಶಗಳನ್ನು ಬರೆಯಿರಿ.
4. ನೋಂದಣಿ ಬೇಕಿಲ್ಲದ ವಾಹನಕ್ಕೆ ಕ್ರಯಪತ್ರವು ಹೆಚ್ಚು ಮುಖ್ಯ ಎಂಬುದನ್ನು ಸಮರ್ಥಿಸಿರಿ.
5. ವರ್ಗಾವಣೆಯ ಅರ್ಜಿ ತಡವಾದುದನ್ನು ವಿಚಾರಿಸಿ ಸಾರಿಗೆ ಅಧಿಕಾರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯಿರಿ.

ಉತ್ತರಗಳನ್ನು ತಿದ್ದುವಾಗ ಭಾಷೆಯ ಶುದ್ಧಿಯಷ್ಟೇ ಅರ್ಥದ ಖಚಿತತೆಗೂ ಅಂಕ ಕೊಡಬೇಕು. ಕಾಗುಣಿತ ತಪ್ಪಿಲ್ಲದೆಯೂ ಎರಡರ್ಥ ಕೊಡುವ ವಾಕ್ಯವು ಕ್ರಯಪತ್ರದಲ್ಲಿ ದೋಷವೇ. ಪಾಠದ ಕೊನೆಯಲ್ಲಿ ತುಂಬಿದ ಮಾದರಿಗಳಲ್ಲಿ ಒಂದನ್ನು ಶಾಲೆಯ ವಾಚನಾಲಯದಲ್ಲಿ ಇರಿಸಿದರೆ, ಮನೆಯಲ್ಲಿ ವಾಹನ ಮಾರುವ ಸಂದರ್ಭ ಬಂದಾಗ ಹೆತ್ತವರಿಗೂ ಅದು ಉಪಯೋಗಕ್ಕೆ ಬರುತ್ತದೆ.